ಕಾಣದ ಗಾಯಕ್ಕೆ ಸಾಕ್ಷಿ ಯಾರು?

ಯುದ್ಧದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತೇವೆ. ಸತ್ತವರೆಷ್ಟು, ಗಾಯಗೊಂಡವರೆಷ್ಟು, ಯಾವ ಊರು ಯಾರ ವಶವಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಆದರೆ ಯುದ್ಧ ಮುಗಿದು ಸೈನಿಕರು ತಮ್ಮ ತಮ್ಮ ಮನೆ ಸೇರಿದ ಮೇಲೆ ಆ ಮನೆಗಳೊಳಗೆ ಏನಾಗುತ್ತದೆ ಎಂಬುದು ಯಾವ ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ. ಕಾಲು ಕಳೆದುಕೊಂಡು ಬಂದವನ ಕಷ್ಟ ಊರಿಗೆಲ್ಲ ಕಾಣುತ್ತದೆ. ಮೈಮೇಲೆ ಒಂದು ಗೀರೂ ಇಲ್ಲದೆ ಬಂದವನು ನಡುರಾತ್ರಿ ಚೀರಿ ಎದ್ದು ಕೂರುವುದು, ಪಟಾಕಿಯ ಸದ್ದಿಗೆ ಮಂಚದ ಕೆಳಗೆ ಅಡಗುವುದು, ಸ್ವಂತ ಮಗುವಿನ ಅಳುವನ್ನೂ ಸಹಿಸಲಾರದೆ ಮನೆ ಬಿಟ್ಟು ಹೊರಟುಹೋಗುವುದು ಇವೆಲ್ಲ ಅವನ ಹೆಂಡತಿಗೆ, ತಾಯಿಗೆ ಮಾತ್ರ ಗೊತ್ತಿರುತ್ತದೆ.

ಇಂತಹ ಕಾಯಿಲೆಗೆ ಸರಕಾರ ಪರಿಹಾರ ಕೊಡಬೇಕೇ? ಕೊಡುವುದಾದರೆ, ಅದು ಯುದ್ಧದಿಂದಲೇ ಬಂದದ್ದು ಎಂದು ಸಾಬೀತುಪಡಿಸುವುದು ಹೇಗೆ? ಕತ್ತರಿಸಿದ ಕಾಲನ್ನು ತೋರಿಸಬಹುದು. ಒಡೆದ ಮನಸ್ಸನ್ನು ಯಾರಿಗೆ ತೋರಿಸುವುದು? ಅಮೆರಿಕದ ಮಾಜಿ ಸೈನಿಕರು ಮತ್ತು ಅವರ ಕುಟುಂಬಗಳು ಹಲವು ದಶಕಗಳಿಂದ ಈ ಪ್ರಶ್ನೆಯೊಂದಿಗೆ ಗುದ್ದಾಡುತ್ತಿವೆ. ಆ ಹೋರಾಟದ ಕತೆ ನಮಗೆ ದೂರದ್ದು ಅನಿಸಬಹುದು. ಆದರೆ ನೋವು ಉಂಡವರ ಮಾತನ್ನು ಯಾರು ನಂಬುತ್ತಾರೆ, ಯಾವಾಗ ನಂಬುತ್ತಾರೆ ಎಂಬ ಪ್ರಶ್ನೆ ಯಾವ ದೇಶದ ಹೆಣ್ಣುಮಕ್ಕಳಿಗೂ ಹೊಸತಲ್ಲ.

ಹೆಸರಿಲ್ಲದ ಕಾಯಿಲೆಗೆ ಹೆಸರು

ಯುದ್ಧದಿಂದ ಮನಸ್ಸು ಕದಡುತ್ತದೆ ಎಂಬುದು ಹಳೆಯ ತಿಳುವಳಿಕೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಇದರ ಬಗ್ಗೆ ಬರೆದರು. ಹಾಗಿದ್ದೂ ಆ ಯುದ್ಧದಲ್ಲಿ ಹೇಡಿತನ, ಪಲಾಯನ ಮುಂತಾದ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅಂತಹ 306 ಮಂದಿಗೆ ಬ್ರಿಟಿಷ್ ಸರಕಾರ ಕ್ಷಮಾದಾನ ನೀಡಿದ್ದು 2006ರಲ್ಲಿ. ಅಂದರೆ ಸುಮಾರು ತೊಂಬತ್ತು ವರ್ಷಗಳ ಬಳಿಕ! ಅವರಲ್ಲಿ ಹಲವರು ಕಾಯಿಲೆಯವರಾಗಿದ್ದಿರಬಹುದು ಎಂದು ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ಇದನ್ನೇ ‘ಯುದ್ಧದ ದಣಿವು’ ಎಂದರು. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಸ್ಥಿತಿ ಕಂಡು ಕೆಲವು ಮನೋವೈದ್ಯರು ಮತ್ತು ಮಾಜಿ ಸೈನಿಕರೇ ಒತ್ತಾಯ ಹೇರಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಗಳ ಕೈಪಿಡಿಯಲ್ಲಿ ‘ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಎಂಬ ಹೆಸರನ್ನು ಸೇರಿಸಿತು. ಚಿಕ್ಕದಾಗಿ ಪಿಟಿಎಸ್‌ಡಿ. ಕನ್ನಡದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ ಎನ್ನಬಹುದು.

ಇದರ ಲಕ್ಷಣಗಳು ಹೀಗಿವೆ. ನಡೆದುಹೋದ ಘಟನೆ ಕನಸಿನಲ್ಲೂ ಎಚ್ಚರದಲ್ಲೂ ಮತ್ತೆ ಮತ್ತೆ ಮರುಕಳಿಸುತ್ತದೆ. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ರೋಗಿ ದೂರ ಓಡುತ್ತಾನೆ. ಪ್ರೀತಿ, ಸಂತೋಷಗಳು ಬತ್ತಿ ಹೋಗುತ್ತವೆ. ಸದಾ ಅಪಾಯ ಕಾದಿದೆ ಎಂಬಂತೆ ಎಚ್ಚರದಲ್ಲಿರುತ್ತಾನೆ. ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ. ಇದು ಸೈನಿಕರಿಗೆ ಮಾತ್ರ ಬರುವ ಕಾಯಿಲೆಯಲ್ಲ. ಅಪಘಾತ, ಗಲಭೆ, ಅತ್ಯಾಚಾರ, ಪ್ರಕೃತಿ ವಿಕೋಪಗಳಿಗೆ ಸಿಕ್ಕಿದ ಯಾರಿಗೂ ಬರಬಹುದು.

ಕಾನೂನು ಕೇಳುವ ಮೂರು ಸಂಗತಿಗಳು

ಅಮೆರಿಕದಲ್ಲಿ ಮಾಜಿ ಸೈನಿಕರ ಚಿಕಿತ್ಸೆ, ಪಿಂಚಣಿ, ಪರಿಹಾರಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಇಲಾಖೆಯೇ ಇದೆ. ಸೇವೆಯಲ್ಲಿದ್ದಾಗ ಬಂದ ಕಾಯಿಲೆ ಅಥವಾ ಆದ ಗಾಯಕ್ಕೆ ಈ ಇಲಾಖೆ ತಿಂಗಳು ತಿಂಗಳು ಪರಿಹಾರಧನ ಕೊಡುತ್ತದೆ. ಪಿಟಿಎಸ್‌ಡಿಗೆ ಪರಿಹಾರ ಬೇಕೆಂದು ಅರ್ಜಿ ಹಾಕುವವರು ಮೂರು ಸಂಗತಿಗಳನ್ನು ತೋರಿಸಬೇಕು.

ಮೊದಲನೆಯದು, ಈ ಕಾಯಿಲೆ ಈಗ ಇದೆ ಎಂದು ವೈದ್ಯರು ಗುರುತಿಸಿರಬೇಕು. ಎರಡನೆಯದು, ಸೇವೆಯಲ್ಲಿದ್ದಾಗ ಮನಸ್ಸಿಗೆ ಆಘಾತ ತಂದ ಒಂದು ಘಟನೆ ನಿಜವಾಗಿ ನಡೆದಿತ್ತು ಎನ್ನಲು ನಂಬಲರ್ಹ ಆಧಾರ ಇರಬೇಕು. ಮೂರನೆಯದು, ಆ ಘಟನೆಗೂ ಈಗಿನ ಕಾಯಿಲೆಗೂ ಸಂಬಂಧವಿದೆ ಎಂದು ವೈದ್ಯರು ಹೇಳಬೇಕು.

ಮೊದಲನೆಯದೂ ಮೂರನೆಯದೂ ವೈದ್ಯರ ಕೈಯಲ್ಲಿದೆ. ಅರ್ಜಿದಾರರನ್ನು ಹೆಚ್ಚಾಗಿ ಎಡವಿಸುವುದು ಎರಡನೆಯದು. ಇಪ್ಪತ್ತು, ಮೂವತ್ತು ವರ್ಷಗಳ ಹಿಂದೆ, ಸಾವಿರಾರು ಮೈಲಿ ದೂರದ ಯಾವುದೋ ರಸ್ತೆಯಲ್ಲಿ ನಡೆದ ಘಟನೆಗೆ ಇಂದು ಆಧಾರ ಎಲ್ಲಿಂದ ತರುವುದು? ಜೊತೆಗಿದ್ದವರಲ್ಲಿ ಕೆಲವರು ಸತ್ತಿದ್ದಾರೆ, ಕೆಲವರ ವಿಳಾಸವೇ ಗೊತ್ತಿಲ್ಲ. ಇನ್ನು ಈ ಕಾಯಿಲೆಯ ಗುಣವೇ ಆ ಘಟನೆಯ ನೆನಪಿನಿಂದ ಓಡಿಹೋಗುವುದು. ಯಾವುದನ್ನು ನೆನೆದರೆ ಮೈ ನಡುಗುತ್ತದೆಯೋ ಅದನ್ನೇ ದಿನಾಂಕ, ಸ್ಥಳ, ಹೆಸರುಗಳ ಸಮೇತ ಅರ್ಜಿಯಲ್ಲಿ ಬರೆಯಬೇಕು!

ಪದಕ ಇದ್ದವರ ದಾರಿ

ಶತ್ರುವಿನೊಂದಿಗೆ ನೇರವಾಗಿ ಕಾದಾಡಿದ ಸೈನಿಕರಿಗೆ ಈ ವಿಷಯದಲ್ಲಿ ಮೊದಲಿನಿಂದಲೂ ರಿಯಾಯಿತಿ ಇದೆ. ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿದ 1941ರ ಡಿಸೆಂಬರಿನಲ್ಲೇ ಇದಕ್ಕಾಗಿ ಒಂದು ಕಾನೂನು ಬಂದಿತು. ಗುಂಡಿನ ಮಳೆಯ ನಡುವೆ ಯಾರೂ ಲೆಕ್ಕಪುಸ್ತಕ ಬರೆಯುತ್ತಾ ಕೂರುವುದಿಲ್ಲ ಎಂಬುದು ಅದರ ಹಿಂದಿನ ತಿಳುವಳಿಕೆ. ಸೈನಿಕ ಯುದ್ಧದಲ್ಲಿ ಪಾಲ್ಗೊಂಡದ್ದು ಖಚಿತವಾಗಿದ್ದು, ಅವನು ಹೇಳುವ ಘಟನೆ ಅಲ್ಲಿನ ಪರಿಸ್ಥಿತಿಗೆ ಹೊಂದುವಂತಿದ್ದರೆ ಅವನ ಮಾತೇ ಸಾಕು. ಅದು ಸುಳ್ಳೆಂದು ತೋರಿಸುವ ಸ್ಪಷ್ಟ ಆಧಾರ ಇದ್ದರೆ ಮಾತ್ರ ಇಲಾಖೆ ಅದನ್ನು ತಳ್ಳಿಹಾಕಬಹುದು.

ಯುದ್ಧದಲ್ಲಿ ಪಾಲ್ಗೊಂಡದ್ದಕ್ಕೆ ಗುರುತೆಂದರೆ ಪದಕಗಳು. ಶತ್ರುವಿನಿಂದ ಗಾಯಗೊಂಡವರಿಗೆ ಕೊಡುವ ‘ಪರ್ಪಲ್ ಹಾರ್ಟ್’, ಕಾಲಾಳುಗಳಿಗೆ ಕೊಡುವ ‘ಕಾಂಬ್ಯಾಟ್ ಇನ್‌ಫಂಟ್ರಿಮನ್ ಬ್ಯಾಡ್ಜ್’ ಮುಂತಾದವು. ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ‘ಡಿಡಿ-214’ ಎಂಬ ಪತ್ರದಲ್ಲಿ ಇವುಗಳ ಉಲ್ಲೇಖವಿದ್ದರೆ ಕೆಲಸ ಸುಲಭ.

ಪದಕ ಇಲ್ಲದವರ ಪಾಡು

ಆದರೆ ಸೇನೆಯಲ್ಲಿರುವ ಎಲ್ಲರೂ ಬಂದೂಕು ಹಿಡಿದು ಮುಂದೆ ನುಗ್ಗುವವರಲ್ಲ. ಅಡುಗೆಯವರು, ಲಾರಿ ಚಾಲಕರು, ಮೆಕ್ಯಾನಿಕ್‌ಗಳು, ಗುಮಾಸ್ತರು, ದಾದಿಯರು, ಸತ್ತವರ ದೇಹಗಳನ್ನು ಗುರುತಿಸಿ ಪೆಟ್ಟಿಗೆಗೆ ಸೇರಿಸುವವರು ಇವರೆಲ್ಲ ಇರುತ್ತಾರೆ. ವಿಯೆಟ್ನಾಂನಲ್ಲಿ ಅಮೆರಿಕದ ಸುಮಾರು 11,000 ಸೈನಿಕ ಮಹಿಳೆಯರು ಸೇವೆ ಸಲ್ಲಿಸಿದರು. ಅವರಲ್ಲಿ ಬಹುಪಾಲು ದಾದಿಯರು. ಇಪ್ಪತ್ತು ದಾಟಿದ ಹುಡುಗಿಯರು ತಮ್ಮದೇ ವಯಸ್ಸಿನ ಹುಡುಗರು ಕೈಕಾಲು ಛಿದ್ರವಾಗಿ ಬರುವುದನ್ನು, ತಮ್ಮ ಕೈಯಲ್ಲೇ ಪ್ರಾಣ ಬಿಡುವುದನ್ನು ದಿನವೂ ಕಂಡರು. ಅವರಲ್ಲಿ ಯಾರೂ ಶತ್ರುವಿನ ಮೇಲೆ ಗುಂಡು ಹಾರಿಸಲು ಹೋದವರಲ್ಲ. ಹಾಗಾದರೆ ಅವರು ಕಂಡದ್ದು ಯುದ್ಧವಲ್ಲವೇ?

ಇಂತಹವರ ಸ್ವಂತ ಮಾತು ಮಾತ್ರ ಸಾಲದು, ಬೇರೆ ಆಧಾರವೂ ಬೇಕು ಎಂಬುದು ನಿಯಮ. ವೈದ್ಯರು ‘ಇವರು ಹೇಳುವುದು ನಿಜವಿರಬೇಕು’ ಎಂದು ಬರೆದುಕೊಟ್ಟರೂ, ವರ್ಷಗಳ ಬಳಿಕ ಬರೆದ ಆ ಮಾತು ಸಾಮಾನ್ಯವಾಗಿ ಘಟನೆಗೆ ಆಧಾರವಾಗುವುದಿಲ್ಲ. ಆಗ ಹುಡುಕಬೇಕಾದದ್ದು ಸೇನೆಯ ಕಡತಗಳನ್ನು. ಆಯಾ ತುಕಡಿಯ ದಿನಚರಿ, ದಾಳಿಯ ವರದಿ, ಸತ್ತವರ ಪಟ್ಟಿ, ಹಡಗಿನ ದಿನವಹಿ ಇವುಗಳಲ್ಲಿ ಆ ಘಟನೆ ದಾಖಲಾಗಿದೆಯೇ ಎಂದು ಸೇನೆಯ ದಾಖಲೆ ಸಂಶೋಧಕರು ನೋಡಬೇಕಿತ್ತು. ಅವರು ಹುಡುಕಬೇಕಾದರೆ ಅರ್ಜಿದಾರ ಘಟನೆಯ ಸ್ಥಳ, ತನ್ನ ತುಕಡಿಯ ಹೆಸರು ಮತ್ತು ಎರಡು ತಿಂಗಳ ಅಂತರದೊಳಗಿನ ದಿನಾಂಕ ಹೇಳಬೇಕಾಗಿತ್ತು. ‘ಮಳೆಗಾಲವಿತ್ತು’ ಎಂದಷ್ಟೇ ನೆನಪಿರುವವನು ಏನು ಮಾಡಬೇಕು? 2015ರಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯವು, ಹುಡುಕುವ ಅವಧಿ ಎರಡು ತಿಂಗಳಿಗಿಂತ ಹೆಚ್ಚಾಗುತ್ತದೆ ಎಂಬ ಒಂದೇ ಕಾರಣಕ್ಕೆ ಇಲಾಖೆ ಕೈಚೆಲ್ಲುವಂತಿಲ್ಲ, ಬೇಕಾದರೆ ಎರಡೆರಡು ತಿಂಗಳಂತೆ ಹಲವು ಬಾರಿ ಹುಡುಕಿಸಬೇಕು ಎಂದು ಹೇಳಿತು.

ಕೆಲವೊಮ್ಮೆ ಕಡತಗಳೇ ಇರುವುದಿಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದಲ್ಲಿದ್ದ ಸೇನಾ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ನಾಶವಾದವು. 1912ರಿಂದ 1959ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇಕಡಾ 80ರಷ್ಟು ಸುಟ್ಟು ಹೋದವು. ಎರಡು ಮಹಾಯುದ್ಧಗಳಲ್ಲಿ ಮತ್ತು ಕೊರಿಯಾ ಯುದ್ಧದಲ್ಲಿ ದುಡಿದ ಅಸಂಖ್ಯ ಮಂದಿಯ ಸೇವೆಯ ದಾಖಲೆ ಒಂದೇ ಬೆಂಕಿಯಲ್ಲಿ ಬೂದಿಯಾಯಿತು.

ನ್ಯಾಯಾಲಯಗಳು ಈ ಬಿಗಿಯನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಾ ಬಂದಿವೆ. ಘಟನೆಯ ಪ್ರತಿಯೊಂದು ವಿವರಕ್ಕೂ ಆಧಾರ ಬೇಕಾಗಿಲ್ಲ ಎಂದು 1997ರಲ್ಲಿ ಒಂದು ತೀರ್ಪು ಬಂತು. ತುಕಡಿಯ ಮೇಲೆ ರಾಕೆಟ್ ದಾಳಿಯಾದದ್ದು ದಾಖಲೆಯಲ್ಲಿದ್ದು, ಅರ್ಜಿದಾರ ಆ ಕಾಲದಲ್ಲಿ ಆ ತುಕಡಿಯಲ್ಲಿದ್ದದ್ದು ನಿಜವಾದರೆ, ಅವನ ಹೆಸರು ಅಲ್ಲಿ ಬರೆದಿಲ್ಲವೆಂದು ತಿರಸ್ಕರಿಸಬಾರದು ಎಂದು 2002ರ ತೀರ್ಪು ಹೇಳಿತು. ಇಲ್ಲಿ ಒಂದು ವಿಷಯ ಗಮನಾರ್ಹ. 1988ರ ಮೊದಲು ಈ ಇಲಾಖೆಯ ನಿರ್ಧಾರವನ್ನು ಪ್ರಶ್ನಿಸಿ ಮಾಜಿ ಸೈನಿಕರು ನ್ಯಾಯಾಲಯಕ್ಕೆ ಹೋಗುವ ಹಾಗೆಯೇ ಇರಲಿಲ್ಲ. ವಕೀಲರು 10 ಡಾಲರಿಗಿಂತ ಹೆಚ್ಚು ಶುಲ್ಕ ಪಡೆಯಬಾರದು ಎಂಬ ಅಮೆರಿಕದ ಅಂತರ್ಯುದ್ಧದ ಕಾಲದ ನಿಯಮ ಅಲ್ಲಿಯವರೆಗೂ ಉಳಿದಿತ್ತು. ಹತ್ತು ಡಾಲರಿಗೆ ಯಾವ ವಕೀಲ ಬರುತ್ತಾನೆ?

ಆಧಾರ ಕೇಳುವುದು ತಪ್ಪೇ?

ಸರಕಾರದ ಕಡೆಯ ವಾದವನ್ನೂ ನಾವು ಕೇಳಬೇಕು. ಪರಿಹಾರಧನ ಜನರ ತೆರಿಗೆಯ ಹಣ. ಯುದ್ಧಭೂಮಿಯನ್ನೇ ಕಾಣದೆ ಪದಕ ಧರಿಸಿ, ಕಟ್ಟುಕತೆ ಹೇಳಿ ಹಣ ಪಡೆದು ಸಿಕ್ಕಿಬಿದ್ದವರೂ ಅಲ್ಲಿ ಇದ್ದಾರೆ. ಸುಳ್ಳುಗಾರನಿಗೆ ಹೋದ ಪ್ರತಿಯೊಂದು ಡಾಲರೂ ನಿಜವಾದ ಸಂತ್ರಸ್ತನ ಮೇಲಿನ ನಂಬಿಕೆಯನ್ನು ಕುಗ್ಗಿಸುತ್ತದೆ. ಆದ್ದರಿಂದ ಆಧಾರ ಕೇಳುವುದು ತಪ್ಪಲ್ಲ.

ಆದರೆ ಸಂಶಯವೇ ಸ್ವಭಾವವಾಗಬಾರದು. 2005ರಲ್ಲಿ ಇಲಾಖೆಯು ಪಿಟಿಎಸ್‌ಡಿಗಾಗಿ ಪೂರ್ಣ ಪರಿಹಾರ ಪಡೆಯುತ್ತಿದ್ದ ಸುಮಾರು 72,000 ಮಂದಿಯ ಕಡತಗಳನ್ನು ಮತ್ತೆ ತೆರೆದು ಪರೀಕ್ಷಿಸಲು ಹೊರಟಿತ್ತು. ಮೊದಲು ನೋಡಿದ 2,100 ಕಡತಗಳಲ್ಲಿ ಕಂಡ ಕುಂದುಗಳು ಕಾಗದಪತ್ರಗಳ ಕೊರತೆಯಂತಹ ಕಚೇರಿಯ ಲೋಪಗಳೇ ಹೊರತು ಮೋಸವಲ್ಲ ಎಂದು ಇಲಾಖೆಯೇ ಹೇಳಿ, ಅದೇ ವರ್ಷದ ನವೆಂಬರಿನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು.

2010ರ ಬದಲಾವಣೆ

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳು ಹಳೆಯ ನಿಯಮಗಳ ಕೊರತೆಯನ್ನು ಎತ್ತಿ ತೋರಿಸಿದವು. ಅಲ್ಲಿ ಮುಂಚೂಣಿ, ಹಿಂಚೂಣಿ ಎಂಬ ಗೆರೆಯೇ ಇರಲಿಲ್ಲ. ರಸ್ತೆಯ ಬದಿಯಲ್ಲಿ ಹೂತ ಬಾಂಬಿಗೆ ಕಾದಾಡುವವನು ಯಾರು, ರೊಟ್ಟಿ ಸಾಗಿಸುವವನು ಯಾರು ಎಂದು ಗೊತ್ತಾಗುತ್ತದೆಯೇ? ನೇರ ಕಾದಾಟದ ಹುದ್ದೆಗಳಿಗೆ ಮಹಿಳೆಯರನ್ನು ಸೇರಿಸಬಾರದು ಎಂಬ ನಿಷೇಧ ಆಗ ಇನ್ನೂ ಜಾರಿಯಲ್ಲಿತ್ತು. ಅದನ್ನು ತೆಗೆಯುವ ಘೋಷಣೆ ಬಂದದ್ದು 2013ರಲ್ಲಿ. ಆದರೂ ಲಾರಿ ಓಡಿಸುತ್ತಾ, ಕಾವಲು ಕಾಯುತ್ತಾ ಮಹಿಳೆಯರು ಗುಂಡಿಗೆ ಎದೆಯೊಡ್ಡಿದ್ದರು. ಕಡತದಲ್ಲಿ ಮಾತ್ರ ಅವರು ‘ಸರಬರಾಜು ವಿಭಾಗದವರು’!

2010ರ ಜುಲೈಯಲ್ಲಿ ಇಲಾಖೆ ಹೊಸ ನಿಯಮ ತಂದಿತು. ಶತ್ರುಸೇನೆಯ ಅಥವಾ ಭಯೋತ್ಪಾದಕರ ದಾಳಿಯ ಭಯವೇ ಆಘಾತಕ್ಕೆ ಕಾರಣ ಎಂದು ಅರ್ಜಿದಾರ ಹೇಳಿದರೆ, ಆ ಮಾತು ಅವನು ಸೇವೆ ಸಲ್ಲಿಸಿದ ಸ್ಥಳ ಮತ್ತು ಸಂದರ್ಭಕ್ಕೆ ಹೊಂದುವಂತಿದ್ದರೆ, ಇಲಾಖೆಯ ಅಥವಾ ಇಲಾಖೆ ನೇಮಿಸಿದ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಅದನ್ನು ಒಪ್ಪಿದರೆ ಬೇರೆ ಆಧಾರ ಬೇಕಾಗಿಲ್ಲ. ಒಂದು ಉದಾಹರಣೆ ಊಹಿಸಿಕೊಳ್ಳೋಣ. ಇರಾಕಿನಲ್ಲಿ ಒಂದು ವರ್ಷ ಲಾರಿ ಓಡಿಸಿದ ಒಬ್ಬ ಸೈನಿಕ. ಪದಕವಿಲ್ಲ, ಗಾಯವಿಲ್ಲ. ಮುಂದಿನ ಲಾರಿ ಸಿಡಿದು ಹೋದದ್ದನ್ನು ಕಂಡವನು. ಹಿಂದಿನ ನಿಯಮದಂತೆ ಅವನು ಆ ದಿನದ ವರದಿಯನ್ನು ಹುಡುಕಿಸಬೇಕಿತ್ತು. ಹೊಸ ನಿಯಮದಂತೆ ಅವನು ಆ ಕಾಲದಲ್ಲಿ ಅಲ್ಲಿ ಚಾಲಕನಾಗಿದ್ದದ್ದು ದಾಖಲೆಯಲ್ಲಿದ್ದು, ಪರೀಕ್ಷಿಸಿದ ವೈದ್ಯರು ಒಪ್ಪಿದರೆ ಸಾಕು.

ಆದರೆ ಈ ಸೌಲಭ್ಯಕ್ಕೆ ಖಾಸಗಿ ವೈದ್ಯರ ಪ್ರಮಾಣಪತ್ರ ನಡೆಯುವುದಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ದಾಳಿ ಶತ್ರುವಿನಿಂದ ಆಗಿರಬೇಕು. ತನ್ನದೇ ಪಾಳೆಯದಲ್ಲಿ, ತನ್ನದೇ ಸಮವಸ್ತ್ರ ತೊಟ್ಟವನಿಂದ ದಾಳಿಗೆ ಒಳಗಾದವಳಿಗೆ ಈ ಬಾಗಿಲು ತೆರೆಯುವುದಿಲ್ಲ.

ಪಾಳೆಯದೊಳಗಿನ ಶತ್ರು

ಸಹೋದರಿಯರೇ, ಇದು ಹೇಳಲು ಮುಜುಗರದ ವಿಷಯ. ಆದರೆ ಮುಚ್ಚಿಟ್ಟಷ್ಟೂ ಅಪರಾಧಿಗೇ ಅನುಕೂಲ. ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಅಥವಾ ಕಿರುಕುಳ ನಡೆದಿತ್ತೇ ಎಂದು ಇಲಾಖೆಯ ಆಸ್ಪತ್ರೆಗಳಲ್ಲಿ ಎಲ್ಲರನ್ನೂ ಕೇಳುತ್ತಾರೆ. ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು, ಪುರುಷರಲ್ಲಿ ಐವತ್ತರಲ್ಲಿ ಒಬ್ಬರು ಹೌದೆನ್ನುತ್ತಾರೆ. ಇವರಲ್ಲಿ ಅನೇಕರು ಆಗ ಯಾರಲ್ಲೂ ದೂರು ಕೊಟ್ಟಿರುವುದಿಲ್ಲ. ಯಾರಲ್ಲಿ ಕೊಡುವುದು? ಕೆಲವೊಮ್ಮೆ ದೂರು ಕೇಳಬೇಕಾದ ಮೇಲಧಿಕಾರಿಯೇ ಅಪರಾಧಿ.

ಹಾಗಾದರೆ ಆಧಾರ ಎಲ್ಲಿದೆ? ಇದಕ್ಕೆ 2002ರಲ್ಲಿ ಒಂದು ವಿಶೇಷ ನಿಯಮ ಬಂತು. ಘಟನೆಯ ದಾಖಲೆ ಇಲ್ಲದಿದ್ದರೆ ಅದರ ಕುರುಹುಗಳನ್ನು ನೋಡಬೇಕು ಎಂದು ಅದು ಹೇಳುತ್ತದೆ. ಪೊಲೀಸರ, ಆಸ್ಪತ್ರೆಯ, ಆಪ್ತಸಮಾಲೋಚನಾ ಕೇಂದ್ರದ ಕಾಗದಗಳು, ಗರ್ಭಪರೀಕ್ಷೆ ಮಾಡಿಸಿಕೊಂಡ ದಾಖಲೆ, ಮನೆಯವರು, ಕೋಣೆಯ ಗೆಳತಿ, ಸಹ ಸೈನಿಕರು, ಧರ್ಮಗುರುಗಳು ಕೊಡುವ ಹೇಳಿಕೆ, ಆ ದಿನಗಳ ಡೈರಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಅವಳ ನಡವಳಿಕೆಯಲ್ಲಾದ ಬದಲಾವಣೆಯೂ ಆಧಾರವಾಗುತ್ತದೆ. ಒಳ್ಳೆಯ ಕೆಲಸಗಾತಿ ಎಂದು ಹೆಸರಾದವಳು ಒಮ್ಮೆಲೇ ಕೆಲಸದಲ್ಲಿ ಹಿಂದೆ ಬಿದ್ದಳೇ? ಕಾರಣ ಹೇಳದೆ ಬೇರೆಡೆಗೆ ವರ್ಗ ಕೇಳಿದಳೇ? ಕುಡಿತಕ್ಕೆ ಬಿದ್ದಳೇ? ಕಾರಣವಿಲ್ಲದ ಭಯ, ಖಿನ್ನತೆ ಕಾಣಿಸಿತೇ? ಇಂತಹ ಅರ್ಜಿಗಳನ್ನು ತಿರಸ್ಕರಿಸುವ ಮೊದಲು, ಈ ರೀತಿಯ ಆಧಾರಗಳೂ ನಡೆಯುತ್ತವೆ ಎಂದು ಇಲಾಖೆಯೇ ಅರ್ಜಿದಾರರಿಗೆ ತಿಳಿಸಿ, ತರಲು ಅವಕಾಶ ಕೊಡಬೇಕು. ಕುರುಹುಗಳನ್ನು ನೋಡಿದ ವೈದ್ಯರ ಅಭಿಪ್ರಾಯವೂ ಇಲ್ಲಿ ಘಟನೆಗೆ ಆಧಾರವಾಗಬಹುದು ಎಂದು 2011ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. 2013ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸೇವಾ ದಾಖಲೆಯಲ್ಲಿ ದೌರ್ಜನ್ಯದ ಉಲ್ಲೇಖವಿಲ್ಲ, ಆಗ ದೂರು ಕೊಟ್ಟಿಲ್ಲ ಎಂಬುದನ್ನೇ ದೌರ್ಜನ್ಯ ನಡೆದಿಲ್ಲ ಎನ್ನಲು ಆಧಾರವಾಗಿ ಬಳಸುವಂತಿಲ್ಲ ಎಂದಿತು. ಅವಳ ಮೌನ ಅವಳ ವಿರುದ್ಧ ಸಾಕ್ಷಿಯಾಗದು ಎಂಬ ಈ ಮಾತು ಎಷ್ಟು ತೂಕದ್ದು ಎಂಬುದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಯಮ ಚೆನ್ನಾಗಿದ್ದರೆ ಸಾಲದು, ನಡೆಸುವವರೂ ಚೆನ್ನಾಗಿರಬೇಕು. ನೌಕಾಪಡೆಯಲ್ಲಿದ್ದ ರೂತ್ ಮೂರ್ ಎಂಬ ಮಹಿಳೆಯ ಮೇಲೆ 1987ರಲ್ಲಿ ಮೇಲಧಿಕಾರಿಯಿಂದ ಅತ್ಯಾಚಾರ ನಡೆಯಿತು. ಆಕೆಗೆ ‘ವ್ಯಕ್ತಿತ್ವ ದೋಷ’ವಿದೆ ಎಂಬ ಹಣೆಪಟ್ಟಿ ಹಚ್ಚಿ ಸೇವೆಯಿಂದ ಕಳುಹಿಸಲಾಯಿತು. ತನಗೆ ಸಲ್ಲಬೇಕಾದ ಪರಿಹಾರ ಪಡೆಯಲು ಆಕೆಗೆ 23 ವರ್ಷ ಹಿಡಿಯಿತು. 2012ರಲ್ಲಿ ಆಕೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಇದನ್ನು ತಾನೇ ಹೇಳಿದರು. ಅನಂತರ ಆಕೆಯ ಹೆಸರಿನಲ್ಲೇ ಒಂದು ಮಸೂದೆ ಸಿದ್ಧವಾಯಿತು. ಆದರೆ ಅದು ಕಾನೂನಾಗಲಿಲ್ಲ. 2018ರಲ್ಲಿ ಇಲಾಖೆಯ ತನಿಖಾ ವಿಭಾಗವೇ ನಡೆಸಿದ ಪರಿಶೀಲನೆಯಲ್ಲಿ, ಹಿಂದಿನ ವರ್ಷದ ಆರು ತಿಂಗಳಲ್ಲಿ ತಿರಸ್ಕೃತವಾದ ಇಂತಹ ಸುಮಾರು 2,700 ಅರ್ಜಿಗಳಲ್ಲಿ 1,300ರಷ್ಟನ್ನು ಸರಿಯಾದ ಕ್ರಮದಲ್ಲಿ ನೋಡಿಯೇ ಇರಲಿಲ್ಲ ಎಂದು ತಿಳಿದುಬಂತು. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು!

ಹೆಂಡತಿಯ ಪತ್ರಕ್ಕೆ ಬೆಲೆಯಿದೆ

ಈ ಇಡೀ ವ್ಯವಸ್ಥೆಯಲ್ಲಿ ಮನೆಯ ಹೆಂಗಸಿಗೆ ಒಂದು ಮುಖ್ಯ ಸ್ಥಾನವಿದೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಕಾಯಿಲೆಯ ಹೆಸರು ಹೇಳಲು ವೈದ್ಯರೇ ಬೇಕು. ಆದರೆ ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಹೇಳಲು ಯಾರೂ ಅರ್ಹರು. ಆಗಿನ ವೈದ್ಯಕೀಯ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಅಂತಹ ಹೇಳಿಕೆಯನ್ನು ನಂಬಲರ್ಹವಲ್ಲ ಎನ್ನುವಂತಿಲ್ಲ ಎಂದು 2006ರಲ್ಲಿ ನ್ಯಾಯಾಲಯ ತೀರ್ಪು ನೀಡಿದೆ.

ಆದರೆ ಎಂತಹ ಪತ್ರ ಬರೆಯಬೇಕು? ‘ನನ್ನ ಗಂಡ ಬಹಳ ಒಳ್ಳೆಯವರು, ಯುದ್ಧದಿಂದ ಹಾಳಾದರು, ದಯವಿಟ್ಟು ಸಹಾಯ ಮಾಡಿ’ ಎಂದರೆ ಓದುವ ಅಧಿಕಾರಿಯ ಮನಸ್ಸು ಕರಗಬಹುದು, ಕಡತ ಮುಂದೆ ಹೋಗದು. ಹೋಗುವ ಮೊದಲು ಹೇಗಿದ್ದರು, ಬಂದ ಮೇಲೆ ಏನು ಬದಲಾಯಿತು, ಅದನ್ನು ಯಾವಾಗ ಮೊದಲು ಗಮನಿಸಿದ್ದು, ವಾರಕ್ಕೆ ಎಷ್ಟು ರಾತ್ರಿ ನಿದ್ದೆಗೆಡುತ್ತಾರೆ, ನಿದ್ದೆಯಲ್ಲಿ ಯಾರ ಹೆಸರು ಕೂಗುತ್ತಾರೆ, ಎಷ್ಟು ಕೆಲಸ ಬಿಟ್ಟರು, ಅಂಗಡಿಗೆ, ಮದುವೆಗೆ, ಮಕ್ಕಳ ಶಾಲೆಗೆ ಏಕೆ ಬರುವುದಿಲ್ಲ ಎಂದು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಹೆಚ್ಚಿಸಿ ಬರೆಯಬಾರದು. ಒಂದು ಸುಳ್ಳು ಸಿಕ್ಕಿದರೆ ಹತ್ತು ನಿಜಗಳೂ ಸಂಶಯಕ್ಕೆ ಗುರಿಯಾಗುತ್ತವೆ.

ಇಂತಹ ಪತ್ರ ಕಾಯಿಲೆಯ ತೀವ್ರತೆಗೆ ಸಾಕ್ಷಿಯಾಗುತ್ತದೆ. ಯುದ್ಧಭೂಮಿಯ ಘಟನೆಗೆ ಸಾಕ್ಷಿ ಬೇಕಾದರೆ ಜೊತೆಗಿದ್ದ ಸೈನಿಕನ ಹೇಳಿಕೆ ಉತ್ತಮ. ಇನ್ನೊಂದು ಬೆಲೆಬಾಳುವ ಆಧಾರವೂ ಹೆಚ್ಚಾಗಿ ಹೆಂಗಸರ ಪೆಟ್ಟಿಗೆಯಲ್ಲೇ ಇರುತ್ತದೆ. ಅದೇ ಆ ದಿನಗಳಲ್ಲಿ ಅವನು ಅಲ್ಲಿಂದ ಬರೆದ ಕಾಗದಗಳು. ‘ನಿನ್ನೆ ನಮ್ಮ ಶಿಬಿರದ ಮೇಲೆ ಬಾಂಬು ಬಿತ್ತು, ನನ್ನ ಪಕ್ಕದ ಹಾಸಿಗೆಯವನು ಹೋದ’ ಎಂಬಂತಹ ಎರಡು ಸಾಲು ಅಂಚೆಯ ಮುದ್ರೆಯೊಂದಿಗೆ ಉಳಿದಿದ್ದರೆ, ಸೇನೆಯ ಕಡತ ಹೇಳದ್ದನ್ನು ಅದು ಹೇಳುತ್ತದೆ. ತಾಯಿಯೊಬ್ಬಳು ಮಮತೆಯಿಂದ ಎತ್ತಿಟ್ಟ ಕಾಗದ ಮೂವತ್ತು ವರ್ಷಗಳ ಬಳಿಕ ಮಗನ ಪಾಲಿಗೆ ದಾಖಲೆಯಾಗಬಹುದು.

ಸಂಶಯದ ಲಾಭ ಯಾರಿಗೆ?

ಅರ್ಜಿಯ ನಂತರ ಇಲಾಖೆ ಗೊತ್ತುಪಡಿಸಿದ ಪರೀಕ್ಷೆ ಇರುತ್ತದೆ. ಅನೇಕ ಸೈನಿಕರು ಅಲ್ಲಿ ‘ಏನೂ ಇಲ್ಲ, ಚೆನ್ನಾಗಿದ್ದೇನೆ’ ಎಂದುಬಿಡುತ್ತಾರೆ. ನೋವನ್ನು ಹೇಳಿಕೊಳ್ಳುವುದು ಗಂಡಸುತನಕ್ಕೆ ಕಡಿಮೆ ಎಂಬ ಭಾವನೆ ಅಲ್ಲಿಯೂ ಇದೆ. ಕಾಯಿಲೆಯ ತೀವ್ರತೆಯನ್ನು ಶೇಕಡಾ 0, 10, 30, 50, 70, 100 ಎಂದು ಅಳೆಯುತ್ತಾರೆ. 2025ರ ದರದಂತೆ ಶೇಕಡಾ 10ಕ್ಕೆ ತಿಂಗಳಿಗೆ ಸುಮಾರು 175 ಡಾಲರ್, ಶೇಕಡಾ 100ಕ್ಕೆ ಅವಲಂಬಿತರಿಲ್ಲದ ಒಬ್ಬರಿಗೆ ಸುಮಾರು 3,800 ಡಾಲರ್ ಸಿಗುತ್ತಿತ್ತು. ಸೇವೆಯಿಂದ ಬಂದ ಕಾಯಿಲೆಯಿಂದಲೇ ಸೈನಿಕ ಸತ್ತರೆ ವಿಧವೆಗೆ ಪ್ರತ್ಯೇಕ ಮಾಸಾಶನವಿದೆ. ಕೆಲಸ ಬಿಟ್ಟು ಗಂಡನ ಆರೈಕೆಯಲ್ಲೇ ಇರುವ ಹೆಂಡತಿಗೆ ತರಬೇತಿ ಮತ್ತು ಭತ್ಯೆ ಕೊಡುವ ಯೋಜನೆಗೆ 2010ರ ಕಾನೂನು ದಾರಿ ಮಾಡಿತು. ಹಾಗಾಗಿ ಒಂದು ಅರ್ಜಿಯ ತೀರ್ಮಾನ ಇಡೀ ಮನೆಯ ಅನ್ನದ ಪ್ರಶ್ನೆ.

ಈ ಕಾನೂನಿನಲ್ಲಿ ಒಂದು ಉದಾರವಾದ ಮಾತಿದೆ. ಪರವಾದ ಆಧಾರವೂ ವಿರುದ್ಧವಾದ ಆಧಾರವೂ ಸಮಸಮವಾಗಿ ತೂಗಿದರೆ ತೀರ್ಪು ಸೈನಿಕನ ಪರವಾಗಿರಬೇಕು. ಸಂಶಯದ ಲಾಭ ನೋವುಂಡವನಿಗೆ. ಅರ್ಜಿ ತಿರಸ್ಕೃತವಾದರೂ ಬಾಗಿಲು ಮುಚ್ಚುವುದಿಲ್ಲ. 2019ರಿಂದ ಜಾರಿಯಲ್ಲಿರುವ ಕ್ರಮದಂತೆ ಹೊಸ ಆಧಾರದೊಂದಿಗೆ ಮತ್ತೆ ಅರ್ಜಿ ಹಾಕಬಹುದು, ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ ಕೇಳಬಹುದು ಅಥವಾ ಮೇಲ್ಮನವಿ ಮಂಡಳಿಗೆ ಹೋಗಬಹುದು. ಒಂದು ವರ್ಷದೊಳಗೆ ಹೋದರೆ ಮೊದಲ ಅರ್ಜಿಯ ದಿನಾಂಕದ ಹಕ್ಕು ಉಳಿಯುತ್ತದೆ. ಇಲಾಖೆಯ ಮಾನ್ಯತೆ ಪಡೆದ ಮಾಜಿ ಸೈನಿಕರ ಸಂಘಗಳು ಉಚಿತವಾಗಿ ನೆರವಾಗುತ್ತವೆ. ಮೊದಲ ಅರ್ಜಿ ತಯಾರಿಸಿ ಕೊಡಲು ವಕೀಲರು ಹಣ ಕೇಳುವಂತಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಪರಿಹಾರಧನಕ್ಕೆ ಆಧಾರ ಬೇಕು. ಸೇವೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಚಿಕಿತ್ಸೆಗೆ ಯಾವ ಆಧಾರವೂ ಬೇಡ. ದೂರು ಕೊಟ್ಟಿರಬೇಕಾಗಿಲ್ಲ, ಅರ್ಜಿ ಹಾಕಿರಬೇಕಾಗಿಲ್ಲ, ಇಲಾಖೆಯ ಆಸ್ಪತ್ರೆಯಲ್ಲಿ ಅದು ಉಚಿತ. ಮೊದಲು ಚಿಕಿತ್ಸೆ, ಅನಂತರ ಕಾಗದಪತ್ರ ಎಂಬುದೇ ಸರಿಯಾದ ಕ್ರಮ.

ನೂರು ವರ್ಷಗಳ ಹಿಂದೆ ಹೇಡಿಗಳೆಂದು ಗುಂಡಿಟ್ಟು ಕೊಂದದ್ದರಿಂದ ಆರಂಭಿಸಿ, ಹೆಂಡತಿಯ ಪತ್ರವನ್ನೂ ಕೋಣೆಯ ಗೆಳತಿಯ ಮಾತನ್ನೂ ಸಾಕ್ಷ್ಯವೆಂದು ಒಪ್ಪುವವರೆಗೆ ಮನುಷ್ಯನ ತಿಳುವಳಿಕೆ ಬಹುದೂರ ಬಂದಿದೆ. ಈ ದಾರಿ ಯಾವ ಸರಕಾರವೂ ತಾನಾಗಿ ಕೊಟ್ಟ ಕೊಡುಗೆಯಲ್ಲ. ಒಂದೊಂದು ನಿಯಮದ ಹಿಂದೆಯೂ ತಿರಸ್ಕಾರ ಉಂಡು ಮತ್ತೆ ಅರ್ಜಿ ಹಾಕಿದವರಿದ್ದಾರೆ. ನಮ್ಮ ನಡುವೆಯೂ ಅಪಘಾತ, ಗಲಭೆ, ದೌರ್ಜನ್ಯಗಳನ್ನು ಕಂಡು ಮಾತು ಕಳೆದುಕೊಂಡವರಿದ್ದಾರೆ. ಅವರು ಸಿಡುಕಿದಾಗ, ಮದುವೆ ಮುಂಜಿಗಳಿಂದ ದೂರ ಉಳಿದಾಗ ‘ಇವರಿಗೆ ಏನು ಬಂದಿದೆ?’ ಎಂದು ಮೂಗು ಮುರಿಯುವ ಬದಲು, ‘ಇವರಿಗೆ ಏನಾಗಿರಬಹುದು?’ ಎಂದು ಕೇಳಿಕೊಳ್ಳೋಣ. ವೈದ್ಯರ ಬಳಿಗೆ ಕರೆದೊಯ್ಯೋಣ. ಬದಲಾವಣೆ ಕಂಡ ದಿನವನ್ನು ಒಂದು ಹಾಳೆಯಲ್ಲಿ ಬರೆದಿಡೋಣ. ಕಾಣದ ಗಾಯಕ್ಕೆ ಮೊದಲ ಸಾಕ್ಷಿ ಅದೇ ಸೂರಿನಡಿ ಬದುಕುವವರು.